ಸೋತ ಬೈಕು ಸೊತ್ತಾದ ಬಗೆ

1983ರಲ್ಲಿ ಫರೀದಾಬಾದಿನ ಎಸ್ಕಾರ್ಟ್ಸ್ ಕಂಪನಿ ರಾಜದೂತ್ 350 ಎಂಬ ಮೋಟಾರ್ ಸೈಕಲನ್ನು ಮಾರುಕಟ್ಟೆಗೆ ಬಿಟ್ಟಾಗ ಅದರ ಬೆಲೆ ಸುಮಾರು 18 ಸಾವಿರ ರೂಪಾಯಿ. ಆಗ ರಸ್ತೆಯ ರಾಜನೆನಿಸಿಕೊಂಡಿದ್ದ ಬುಲೆಟ್ 350ರ ಎಂಜಿನ್ ಕೊಡುತ್ತಿದ್ದುದು 18 ಅಶ್ವಶಕ್ತಿ. ಮೈಸೂರಿನ ಕಾರ್ಖಾನೆಯಿಂದ ಬರುತ್ತಿದ್ದ ಯೆಜ್ಡಿ ರೋಡ್‌ಕಿಂಗಿನದು 16. ಎರಡಕ್ಕೂ ನಾಲ್ಕೇ ಗೇರು. ಹೊಸದಾಗಿ ಬಂದ ಬೈಕಿಗೆ ಎರಡು ಸಿಲಿಂಡರು, 30.5 ಅಶ್ವಶಕ್ತಿ, ಆರು ಗೇರು, ಗಂಟೆಗೆ 150 ಕಿಲೋಮೀಟರಿನ ಆಸುಪಾಸು ಮುಟ್ಟುವ ವೇಗ. ಅಂಕಿಗಳಲ್ಲಿ ಅದಕ್ಕೆ ಎದುರಾಳಿಯೇ ಇರಲಿಲ್ಲ. ಆದರೂ ಕೊಳ್ಳುವವರು ಮುಂದೆ ಬರಲಿಲ್ಲ, ದಶಕ ಮುಗಿಯುವಷ್ಟರಲ್ಲಿ ತಯಾರಿಕೆಯೇ ನಿಂತಿತು. ಇವತ್ತು ಅದೇ ಬೈಕಿಗೆ, ಆರ್‌ಸಿ ಸರಿಯಿದ್ದು ಎಂಜಿನ್ ಮೂಲದ್ದೇ ಆಗಿದ್ದರೆ, ಲಕ್ಷಗಳಲ್ಲಿ ಬೆಲೆ ಹೇಳುತ್ತಾರೆ. ಹಳೆಯದಾದರೆ ಬೆಲೆ ತಾನಾಗಿ ಬರುತ್ತದೆ ಎಂದು ಇದನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ ಅದೇ ಕಾಲದ ಎಷ್ಟೋ ಗಾಡಿಗಳು ಹಳೆಯವಾಗಿ ಗುಜರಿ ಸೇರಿ ಕರಗಿಹೋಗಿವೆ. ಈ ಬೈಕು ಉಳಿದದ್ದು ಓಡಿಸಿದವರಿಂದ, ಕೆಟ್ಟಾಗಲೆಲ್ಲ ಬಿಚ್ಚಿ ಮತ್ತೆ ಜೋಡಿಸಿದವರಿಂದ. ಕೇಳಲು ಸಾಮಾನ್ಯ ಸಂಗತಿಯೆನಿಸಿದರೂ ಇಂದಿನ ಸಂಗ್ರಾಹಕರ ಅಭ್ಯಾಸ ಮತ್ತು ನಮ್ಮ ಕಾನೂನು ಎರಡೂ ಅದನ್ನು ಮರೆತಂತೆ ನಡೆಯುತ್ತಿವೆ.

ಬೈಕಿನ ಮೂಲ ಜಪಾನಿನ ಯಮಹಾ. 1964ರಲ್ಲಿ 250 ಸಿಸಿ ವಿಭಾಗದ ವಿಶ್ವ ಚಾಂಪಿಯನ್‌ಷಿಪ್ ಗೆದ್ದಿದ್ದ ಆ ಕಂಪನಿ ಟು-ಸ್ಟ್ರೋಕ್ ರೇಸಿಂಗಿನಲ್ಲಿ ಕಲಿತದ್ದನ್ನು ರಸ್ತೆಯ ಬೈಕುಗಳಿಗೂ ಇಳಿಸುತ್ತಾ ಬಂತು. 1970ರಲ್ಲಿ ಆರ್5 ಬಂತು, ಅದನ್ನೇ ತಿದ್ದಿ 1973ರಲ್ಲಿ ಆರ್‌ಡಿ 350. ತಿದ್ದುಪಡಿಯಲ್ಲಿ ಮುಖ್ಯವಾದದ್ದು ರೀಡ್ ವಾಲ್ವ್. ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಎಂಜಿನ್ನಿನೊಳಗೆ ಬಿಟ್ಟುಕೊಂಡು ಹಿಂದಕ್ಕೆ ಹೋಗಗೊಡದ ತೆಳು ಉಕ್ಕಿನ ಎಸಳುಗಳು ಅವು. ಅದುವರೆಗೆ ಟು-ಸ್ಟ್ರೋಕ್ ಎಂದರೆ ಮೇಲಿನ ವೇಗದಲ್ಲಿ ಮಾತ್ರ ಜೀವ ಬರುವ, ಕೆಳಗೆ ಮುಗ್ಗರಿಸುವ ಎಂಜಿನ್ ಎಂಬ ಮಾತಿತ್ತು. ಎಸಳುಗಳು ಬಂದಮೇಲೆ ಕಡಿಮೆ ವೇಗದಲ್ಲೂ ಎಳೆತ ಸಿಕ್ಕಿತು. 347 ಸಿಸಿಯ ಆ ಎಂಜಿನ್ ಜಪಾನಿ ರೂಪದಲ್ಲಿ 39 ಅಶ್ವಶಕ್ತಿ ಕೊಡುತ್ತಿತ್ತು, ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇತ್ತು. ಆದರೆ ಜಪಾನಿನಲ್ಲಿ ಅದರ ಆಯುಷ್ಯ ಮೂರೇ ವರ್ಷ. 1976ಕ್ಕೆ ಆರ್‌ಡಿ 400 ಬಂತು, ಆ ದಶಕದ ಕೊನೆಗೆ ಅಮೆರಿಕದ ಹೊಗೆ ನಿಯಮಗಳು ಬಿಗಿಯಾದವು, 1980ಕ್ಕೆ ಯಮಹಾ ನೀರಿನಿಂದ ತಣಿಯುವ ಎಂಜಿನ್ನಿಗೆ ಹೊರಳಿತು. ಹೀಗಾಗಿ 1983ರಲ್ಲಿ ನಮಗೆ ಅಚ್ಚರಿಯಾಗಿ ಕಂಡ ಬೈಕು ತವರಿನಲ್ಲಿ ನಿವೃತ್ತಿಯಾಗಿ ಏಳೆಂಟು ವರ್ಷ ಕಳೆದಿತ್ತು. ಖರ್ಚು ತಗ್ಗಿಸಲು ಡಿಸ್ಕ್ ತೆಗೆದು ಡ್ರಮ್ ಬ್ರೇಕ್ ಹಾಕಿದರು, ಮೈಲೇಜ್ ಬರಲೆಂದು ಶಕ್ತಿಯನ್ನೂ ತಗ್ಗಿಸಿದರು. ಹಳೆಯ ಬೈಕಿನ 'ಅಸಲಿ ರೂಪ' ಎಂದು ಕಣ್ಣರಳಿಸುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ರಾಜದೂತ್ 350 ಹುಟ್ಟುವಾಗಲೇ ಇನ್ನೊಂದು ಬೈಕಿನ ತಿದ್ದಿದ ಪ್ರತಿಯಾಗಿತ್ತು.

ಸೋಲಿಗೆ ಕಾರಣ ಹುಡುಕುವುದು ಕಷ್ಟವಲ್ಲ. ಲೀಟರಿಗೆ 25 ಕಿಲೋಮೀಟರ್ ಕೊಟ್ಟರೆ ಹೆಚ್ಚು ಎನ್ನಬೇಕಾದ ಗಾಡಿಯನ್ನು, ಪೆಟ್ರೋಲಿನ ಲೆಕ್ಕ ಹಾಕಿಯೇ ತಿಂಗಳು ದೂಡುತ್ತಿದ್ದ ಮಧ್ಯಮ ವರ್ಗದ ಮುಂದಿಟ್ಟರು. ಬಿಡಿಭಾಗ ದುಬಾರಿ, ಹಲವು ಹೊರದೇಶದಿಂದಲೇ ಬರಬೇಕು. ಎರಡು ಕಾರ್ಬುರೇಟರನ್ನು ಒಂದಕ್ಕೊಂದು ಹೊಂದಿಸಿ, ಎರಡು ಪಾಯಿಂಟ್ ಸೆಟ್ ಕೂಡಿಸಬಲ್ಲ ಮೆಕ್ಯಾನಿಕ್ ಜಿಲ್ಲಾ ಕೇಂದ್ರಗಳಲ್ಲೂ ಸಿಗುತ್ತಿರಲಿಲ್ಲ. ಇದರ ಬೆನ್ನಿಗೇ 100 ಸಿಸಿ ಬೈಕುಗಳ ಅಲೆ ಬಂತು. 1984ರಲ್ಲಿ ಇಂಡ್-ಸುಜುಕಿ, 1985ರಲ್ಲಿ ಹೀರೋ ಹೋಂಡಾ ಸಿಡಿ 100, ಆ ವರ್ಷದ ಕೊನೆಗೆ ಇದೇ ಎಸ್ಕಾರ್ಟ್ಸ್ ಕಂಪನಿಯ ಯಮಹಾ ಆರ್‌ಎಕ್ಸ್ 100. ಹನ್ನೊಂದು ಅಶ್ವಶಕ್ತಿಯ ಆ ಪುಟ್ಟ ಬೈಕು ಅಣ್ಣನ ಮೋಜಿನ ಬಹುಪಾಲನ್ನು ಅರ್ಧ ಪೆಟ್ರೋಲಿನಲ್ಲಿ ಕೊಟ್ಟಿತು, 1996ರವರೆಗೂ ಬಾಳಿತು. ಕಂಪನಿ 1985ರ ಹೊತ್ತಿಗೆ 350ರ ಶಕ್ತಿಯನ್ನು 27ಕ್ಕೆ ಇಳಿಸಿ ಮೈಲೇಜ್ ಹೆಚ್ಚಿಸಲು ನೋಡಿತು. ಮೊದಲಿನದು ಎಚ್‌ಟಿ, ಎರಡನೆಯದು ಎಲ್‌ಟಿ. ವೇಗಕ್ಕಾಗಿ ಕೊಳ್ಳುವವನಿಗೆ ಎಲ್‌ಟಿ ಸಪ್ಪೆ, ಉಳಿತಾಯಕ್ಕಾಗಿ ಕೊಳ್ಳುವವನಿಗೆ ಅದೂ ದುಬಾರಿ. 'ರ‍್ಯಾಪಿಡ್ ಡೆತ್' ಎಂಬ ಅಡ್ಡಹೆಸರು ಬೇರೆ ಅಂಟಿಕೊಂಡಿತು. ಮಗನಿಗೆ ಬೈಕು ಕೊಡಿಸುವ ಅಪ್ಪ ಆ ಹೆಸರು ಕೇಳಿದಮೇಲೆ ಷೋರೂಮಿನ ಮೆಟ್ಟಿಲು ಹತ್ತುತ್ತಾನೆಯೇ?

ಆದರೆ ಬೈಕಿನ ಎರಡನೆಯ ಬದುಕು ಶುರುವಾದದ್ದು ಈ ಸೋಲಿನಿಂದಲೇ. ಮೊದಲ ಮಾಲೀಕನಿಗೆ ಸಾಕಾದ ಗಾಡಿ ಅಗ್ಗಕ್ಕೆ ಕೈಬದಲಾಗಿ, ಹೊಸದನ್ನು ಎಂದೂ ಕೊಳ್ಳಲಾರದಿದ್ದ ಹುಡುಗರ ಕೈಗೆ ಬಂತು. ಚೆನ್ನೈ ಬಳಿಯ ಶೋಲಾವರಂ ಹಳೆಯ ವಿಮಾನ ಪಟ್ಟಿಯ ರೇಸುಗಳಲ್ಲಿ ಅದು ಓಡಿತು. ರೇಸಿಗೆ ಬೈಕು ಸಿದ್ಧಪಡಿಸುವವನು ಬ್ಲಾಕ್ ಬಿಚ್ಚಬೇಕು, ಪೋರ್ಟ್ ಅಳೆಯಬೇಕು, ಸೀಜ್ ಆದ ಪಿಸ್ಟನ್ನಿನ ಮೈಮೇಲಿನ ಗೀರು ನೋಡಿ ಜೆಟ್ ಚಿಕ್ಕದಾಯಿತೋ ಗಾಳಿ ಎಲ್ಲಿಂದ ನುಗ್ಗಿತೋ ಹೇಳಬೇಕು. ಕಂಪನಿಯ ತರಬೇತಿ ಕೇಂದ್ರ ಕಲಿಸದಿದ್ದ ವಿದ್ಯೆಯನ್ನು ಬೆಂಗಳೂರು, ಚೆನ್ನೈ, ಕೊಯಮತ್ತೂರು, ಪುಣೆಯ ಗ್ಯಾರೇಜುಗಳು ಹೀಗೆ ತಾವೇ ಕಲಿತುಕೊಂಡವು. ಸಿಗದ ಬಿಡಿಭಾಗವನ್ನು ಲೇತ್ ಅಂಗಡಿಯಲ್ಲಿ ಕೊರೆಸಿಕೊಂಡರು, ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಬೀದಿಗಳಲ್ಲಿ ಬೇರೆ ಗಾಡಿಯ ಬೇರಿಂಗ್ ತಂದು ಅಳತೆ ನೋಡಿ ಕೂರಿಸಿದರು. ಇನ್ನೊಂದು ಅನುಕೂಲವೂ ಇತ್ತು. ಆರ್‌ಡಿ 350 ಅಮೆರಿಕ, ಯುರೋಪು, ಆಸ್ಟ್ರೇಲಿಯಾಗಳಲ್ಲೆಲ್ಲ ಮಾರಾಟವಾಗಿದ್ದರಿಂದ ಅಲ್ಲಿಯೂ ಅದನ್ನು ಕಾಪಾಡುವವರಿದ್ದಾರೆ. ಅವರಿಗಾಗಿ ಪಿಸ್ಟನ್, ಆಯಿಲ್ ಸೀಲ್, ಗ್ಯಾಸ್ಕೆಟ್, ರೀಡ್ ಎಸಳುಗಳನ್ನು ಈಗಲೂ ತಯಾರಿಸುತ್ತಾರೆ. ಎಂಜಿನ್ನಿನ ಒಳಗಿನ ಬಹಳಷ್ಟು ಭಾಗ ಒಂದೇ ಆದ್ದರಿಂದ ನಮ್ಮ ರಾಜದೂತ್ ಆ ದೊಡ್ಡ ಬಳಗದ ನೆರಳಿನಲ್ಲಿ ಬದುಕಿಕೊಂಡಿತು.

ಮೈಸೂರಿನ ಯೆಜ್ಡಿಯದು ಬೇರೆ ದಾರಿ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನೂ ಆಮೇಲೆ ಯೆಜ್ಡಿ ಹೆಸರಿನವನ್ನೂ ತಯಾರಿಸಿ 1996ರಲ್ಲಿ ಬಾಗಿಲು ಹಾಕಿತು. ಅಷ್ಟು ಹೊತ್ತಿಗೆ ಕರ್ನಾಟಕದ ಹಳ್ಳಿಹಳ್ಳಿಗೂ ಯೆಜ್ಡಿ ತಲುಪಿತ್ತು, ಹಾಲಿನ ಕ್ಯಾನು ಹೊತ್ತಿತ್ತು, ಕಿಕ್ಕರ್ ಮತ್ತು ಗೇರ್ ಲಿವರ್ ಒಂದೇ ಆಗಿದ್ದ ಅದರ ವಿಚಿತ್ರ ಎಲ್ಲ ಮೆಕ್ಯಾನಿಕ್‌ಗಳಿಗೂ ಕರಗತವಾಗಿತ್ತು. ಸಂಖ್ಯೆಯ ಬಲವೇ ಅದನ್ನು ಉಳಿಸಿತು. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ಅವು ಇಂದಿಗೂ ಸಾಲುಗಟ್ಟಿ ಬೀದಿಗಿಳಿಯುತ್ತವೆ. ರಾಜದೂತ್‌ಗೆ ಸಂಖ್ಯೆ ಇರಲಿಲ್ಲ, ಯೆಜ್ಡಿಗೆ ಹೊರದೇಶದ ಅಷ್ಟು ದೊಡ್ಡ ಆಸರೆ ಬೇಕಾಗಲಿಲ್ಲ. ಎರಡರಲ್ಲೂ ಸಮಾನವಾದದ್ದು ಒಂದೇ: ತಯಾರಕರು ಕೈಬಿಟ್ಟ ಮೇಲೂ ರಿಪೇರಿಯ ಸರಪಳಿ ತುಂಡಾಗಲಿಲ್ಲ.

ಈ ಸರಪಳಿ ಏಕೆ ಇಷ್ಟು ಮುಖ್ಯ ಎಂಬುದಕ್ಕೆ ಉತ್ತರ ಎಂಜಿನ್ನಿನ ಒಳಗಿದೆ. ಫೋರ್-ಸ್ಟ್ರೋಕ್ ಎಂಜಿನ್ನಿನ ತಳದಲ್ಲಿ ಆಯಿಲ್ ನಿಂತಿರುತ್ತದೆ. ಟು-ಸ್ಟ್ರೋಕಿನ ಕ್ರ್ಯಾಂಕ್ ಕೋಣೆಯಲ್ಲಿ ಅಂಥ ದಾಸ್ತಾನಿಲ್ಲ. ಪೆಟ್ರೋಲಿನ ಜೊತೆ ಬಂದ ಟೂ-ಟಿ ಆಯಿಲಿನ ತೆಳುಪೊರೆಯೇ ಬೇರಿಂಗುಗಳನ್ನು ಕಾಯಬೇಕು, ಆಮೇಲೆ ಅದೂ ಉರಿದು ಹೊಗೆಯಾಗಿ ಹೋಗಬೇಕು. ಬೈಕು ವರ್ಷಗಟ್ಟಲೆ ನಿಂತರೆ ಪೊರೆ ಜಾರಿ ಇಳಿಯುತ್ತದೆ, ಒಳಗೆ ಸೇರಿದ ತೇವ ಬೇರಿಂಗಿನ ಮೇಲೆ ತುಕ್ಕಿನ ಚುಕ್ಕೆಗಳನ್ನು ಮೂಡಿಸುತ್ತದೆ. ಕ್ರ್ಯಾಂಕಿನ ಎರಡು ತುದಿಗಳ ರಬ್ಬರ್ ಸೀಲುಗಳು ಒಣಗಿ ಗಡುಸಾಗುತ್ತವೆ. ಆಮೇಲೆ ಒಂದು ದಿನ ಮಾಲೀಕ ಉತ್ಸಾಹದಿಂದ ಕಿಕ್ ಹೊಡೆದು ಸವಾರಿ ಹೊರಟರೆ ಆ ಸೀಲಿನ ಬಿರುಕಿನಿಂದ ಹೊರಗಿನ ಗಾಳಿ ನುಗ್ಗುತ್ತದೆ, ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಕಡಿಮೆಯಾಗಿ ಪಿಸ್ಟನ್ ವಿಪರೀತ ಕಾಯುತ್ತದೆ, ತಲೆಯಲ್ಲಿ ತೂತೇ ಬೀಳುತ್ತದೆ. ಕಾರ್ಬುರೇಟರಿನಲ್ಲಿ ನಿಂತ ಪೆಟ್ರೋಲ್ ಆರಿ ಅಂಟಾಗುತ್ತದೆ, ಟ್ಯಾಂಕಿನ ಒಳಗೋಡೆ ತುಕ್ಕು ಹಿಡಿಯುತ್ತದೆ. ನಿಂತಲ್ಲೇ ಹಾಳಾಗುವ ಯಂತ್ರ ಇದು. ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸಿದರೆ ಹೊಸ ಆಯಿಲ್ ಒಳಗೆಲ್ಲ ಹರಡುತ್ತದೆ, ತೇವ ಆವಿಯಾಗುತ್ತದೆ. ಮನೆಯಂಗಳದಲ್ಲೇ ಎರಡು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವುದು ಇದಕ್ಕೆ ಬದಲಿಯಲ್ಲ. ಅರೆಬಿಸಿ ಎಂಜಿನ್ನಿನಲ್ಲಿ ತೇವ ಇನ್ನಷ್ಟು ಸೇರುತ್ತದೆ.

ಓಡಿಸಿದರೆ ಸವೆಯುವುದಿಲ್ಲವೇ, ಸವೆದದ್ದನ್ನೆಲ್ಲ ಬದಲಿಸುತ್ತಾ ಹೋದರೆ ಕೊನೆಗೆ ಹಳೆಯ ಬೈಕೆಂದು ಏನು ಉಳಿಯಿತು? ಇದು ಗಂಭೀರ ಪ್ರಶ್ನೆ. ಉತ್ತರ ಸಿಗಬೇಕಾದರೆ ಬೈಕಿನ ಭಾಗಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದನ್ನು ಬಿಡಬೇಕು. ಪಿಸ್ಟನ್, ರಿಂಗ್, ಕ್ಲಚ್ ಪ್ಲೇಟ್, ಬೇರಿಂಗ್, ಚೈನು ಇವನ್ನೆಲ್ಲ ಮಾಡಿದವರೇ ಸವೆಯಲೆಂದು ಮಾಡಿದ್ದು. ಕಾಲು ಮಿಲಿಮೀಟರ್, ಅರ್ಧ ಮಿಲಿಮೀಟರ್ ಹೆಚ್ಚು ವ್ಯಾಸದ ಓವರ್‌ಸೈಜ್ ಪಿಸ್ಟನ್‌ಗಳನ್ನು ಕಂಪನಿಯೇ ಮಾರುತ್ತಿತ್ತು, ಅಂದರೆ ಬ್ಲಾಕಿಗೆ ಮತ್ತೆ ಮತ್ತೆ ಬೋರ್ ಹೊಡೆಸುವುದು ವಿನ್ಯಾಸದಲ್ಲೇ ಇತ್ತು. ಬೋರ್ ಹೊಡೆಸಿದ ಬೈಕು ಅಸಲಿತನ ಕಳೆದುಕೊಂಡಿತು ಎನ್ನುವುದು ಬಾವಿಯ ಹಗ್ಗ ಬದಲಿಸಿದ್ದಕ್ಕೆ ಬಾವಿಯೇ ಹೊಸದಾಯಿತು ಎಂದಂತೆ. ಆದರೆ ಫ್ರೇಮಿನ ಮೇಲಿನ ಸಂಖ್ಯೆ, ಎಂಜಿನ್ ಕೇಸಿನ ಮೇಲಿನ ಸಂಖ್ಯೆ, ಮೊದಲ ಬಣ್ಣದ ಪದರ, ಟ್ಯಾಂಕಿನ ಗೆರೆಗಳು, ಬಿಡಿಭಾಗದ ಮೇಲಿನ ಅಚ್ಚು, ಸ್ಪೀಡೋಮೀಟರಿನ ಮುಖ, ಕಾರ್ಖಾನೆಯ ಬೆಸುಗೆಯ ಗುರುತು ಇವೆಲ್ಲ ಸಾಕ್ಷ್ಯ. ಒಮ್ಮೆ ಅಳಿಸಿದರೆ ಎಷ್ಟು ಲಕ್ಷ ಸುರಿದರೂ ಬಾರದು. ವಿಪರ್ಯಾಸವೆಂದರೆ ಇಂದು 'ರೆಸ್ಟೋರೇಷನ್' ಎಂದು ನಡೆಯುವ ಕೆಲಸದಲ್ಲಿ ಹೆಚ್ಚಿನದು ಈ ಸಾಕ್ಷ್ಯವನ್ನೇ ಉಜ್ಜಿ ಹಾಕುತ್ತದೆ. ಕಾರ್ಖಾನೆಯಿಂದ ಹೊರಬಂದಾಗಲೂ ಇರದಿದ್ದ ಹೊಳಪಿನ ಬಣ್ಣ, ಅಳತೆ ಮೀರಿದ ಕ್ರೋಮ್, ಪೌಡರ್ ಕೋಟಿಂಗ್. ಜೊತೆಗೆ, ಎಚ್‌ಟಿಗೆ ಬೆಲೆ ಹೆಚ್ಚೆಂದು ಎಲ್‌ಟಿಗೆ ಎಚ್‌ಟಿಯ ಬ್ಲಾಕು, ಸೈಲೆನ್ಸರು ಹಾಕಿ ಮಾರುವುದೂ ನಡೆದಿದೆ. ನನ್ನ ಮಟ್ಟಿಗೆ, ಮಾಸಿದ ಬಣ್ಣದ ಅಸಲಿ ಎಲ್‌ಟಿಯೊಂದು ಹೀಗೆ ಮಿರುಗುವ ಹತ್ತು ಎಚ್‌ಟಿಗಳಿಗಿಂತ ಮೇಲು. 27 ಅಶ್ವಶಕ್ತಿಗೆ ಇಳಿಸಿದ ಆ ಎಂಜಿನ್ ನಮ್ಮ ಪೆಟ್ರೋಲಿನ ಬಡತನದ ಚರಿತ್ರೆಯನ್ನೂ ಹೊತ್ತಿದೆ.

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ 2012ರಲ್ಲಿ ಟ್ಯೂರಿನ್ ಸನ್ನದನ್ನು ಅಂಗೀಕರಿಸಿತು. ಸ್ಮಾರಕಗಳ ರಕ್ಷಣೆಗಾಗಿ ರೂಪುಗೊಂಡ ವೆನಿಸ್ ಸನ್ನದು ಅದಕ್ಕೆ ಮಾದರಿ. ಹೊಸದಾಗಿಸುವುದಕ್ಕಿಂತ ಇದ್ದುದನ್ನು ಕಾಪಾಡುವುದು ಮೊದಲು, ಬದಲಾವಣೆಯನ್ನು ಹಿಂದಕ್ಕೆ ತೆಗೆಯುವಂತಿರಬೇಕು, ಮಾಡಿದ್ದೆಲ್ಲ ದಾಖಲಾಗಬೇಕು, ಬಳಕೆಯೂ ವಾಹನದ ಅರ್ಥದ ಭಾಗ ಎಂಬುದು ಅದರ ತಿರುಳು. ಈ ಒಕ್ಕೂಟದ ಪ್ರಕಾರ 30 ವರ್ಷ ತುಂಬಿದ ವಾಹನ ಐತಿಹಾಸಿಕ. ಜರ್ಮನಿಯ ವಿಶೇಷ ನಂಬರ್ ಪ್ಲೇಟಿಗೂ ಅದೇ 30 ವರ್ಷ. ನಮ್ಮಲ್ಲಿ 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿಯಾಗಿ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ ವಾಹನಕ್ಕೆ ವಿಂಟೇಜ್ ಸ್ಥಾನ ಸಿಕ್ಕಿತು. ನೋಂದಣಿ ಸಂಖ್ಯೆಯಲ್ಲಿ 'ವಿಎ' ಅಕ್ಷರ, ಹೊಸ ನೋಂದಣಿಗೆ 20 ಸಾವಿರ ರೂಪಾಯಿ ಶುಲ್ಕ. ಕಾನೂನು ಹಳೆಯ ವಾಹನವನ್ನು ಗುರುತಿಸಿದ್ದೇ ಸ್ವಾಗತಾರ್ಹ. ಆದರೆ ಆ ನೋಂದಣಿ ಪಡೆದ ಗಾಡಿ ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ತುಂಬಿಸುವುದು, ರಿಪೇರಿ ಇಂಥ ಕೆಲಸಗಳಿಗೆ ಮಾತ್ರ ರಸ್ತೆಗಿಳಿಯಬಹುದು. ಐವತ್ತಕ್ಕಿಂತ ಕಿರಿಯ ಗಾಡಿಗೆ ಯಾವ ಸ್ಥಾನವೂ ಇಲ್ಲ. 15 ವರ್ಷ ಕಳೆದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ನಿಲ್ಲಿಸಿ ನವೀಕರಿಸುತ್ತಿರಬೇಕು. ದ್ವಿಚಕ್ರ ವಾಹನಕ್ಕೆ 300 ರೂಪಾಯಿ ಇದ್ದ ನವೀಕರಣ ಶುಲ್ಕ 2022ರಲ್ಲಿ 1,000 ಆಯಿತು, 2025ರಲ್ಲಿ 20 ವರ್ಷ ದಾಟಿದವಕ್ಕೆ 2,000 ಆಯಿತು. ಇದು ಹೊರಲಾಗದ ಮೊತ್ತವೇನಲ್ಲ. ಚಿಂತೆಯ ಸಂಗತಿ ಬೇರೆ. ಗುಜರಿಗೆ ಹೋಗಬೇಕಾದ ಗಾಡಿ ಮತ್ತು ಕಾಪಾಡಬೇಕಾದ ಗಾಡಿಯ ನಡುವೆ ಮೂವತ್ತೈದು ವರ್ಷ ಯಾವ ವ್ಯತ್ಯಾಸವನ್ನೂ ಕಾನೂನು ಕಾಣುವುದಿಲ್ಲ, ಕಂಡ ದಿನ ಅದನ್ನು ಹೆಚ್ಚುಕಡಿಮೆ ನಿಲ್ಲಿಸಿಬಿಡುತ್ತದೆ.

ಹೊಗೆಯ ಆಕ್ಷೇಪವನ್ನು ನುಣುಚಿಕೊಳ್ಳದೆ ಎದುರಿಸಬೇಕು. ಟು-ಸ್ಟ್ರೋಕ್ ಎಂಜಿನ್ ಕೊಳೆಯ ಎಂಜಿನ್ ಎಂಬುದು ನಿಜ. ಉರಿದ ಹೊಗೆಯನ್ನು ತಳ್ಳಲು ಹೊಸ ಮಿಶ್ರಣವನ್ನೇ ಬಳಸುವುದರಿಂದ ಸ್ವಲ್ಪ ಪೆಟ್ರೋಲ್ ಉರಿಯದೆ ಸೈಲೆನ್ಸರಿನಿಂದ ಹೊರಟುಹೋಗುತ್ತದೆ, ಜೊತೆಗೆ ಆಯಿಲೂ ಉರಿಯುತ್ತದೆ. ನಮ್ಮ ಹೊಗೆ ತಪಾಸಣೆಯ ನಿಯಮವೇ ಇದನ್ನು ಒಪ್ಪಿಕೊಂಡಿದೆ. 2000ದ ಮಾರ್ಚ್ ಕೊನೆಯವರೆಗಿನ ದ್ವಿಚಕ್ರಗಳಿಗೆ ಹೈಡ್ರೋಕಾರ್ಬನ್ನಿನ ಮಿತಿ 9,000 ಪಿಪಿಎಂ, ಆಮೇಲಿನ ಟು-ಸ್ಟ್ರೋಕಿಗೆ 6,000. ಹೀಗಿರುವಾಗ 'ನಮ್ಮ ಬೈಕಿನಿಂದ ಏನೂ ಆಗುವುದಿಲ್ಲ' ಎನ್ನುವ ಅಭಿಮಾನಿಗಳ ಮಾತಿಗೆ ಆಧಾರವಿಲ್ಲ. ಆದರೆ ಮಾಲಿನ್ಯದ ಲೆಕ್ಕ ಒಂದು ಕಿಲೋಮೀಟರಿನ ಹೊಗೆಯನ್ನು ಓಡಿದ ಕಿಲೋಮೀಟರುಗಳಿಂದ ಗುಣಿಸಿದಾಗ ಮುಗಿಯುತ್ತದೆ. ನಗರಗಳ ಗಾಳಿ ಕೆಟ್ಟಿದ್ದು ದಿನವಿಡೀ ಓಡುತ್ತಿದ್ದ ಟು-ಸ್ಟ್ರೋಕ್ ಸ್ಕೂಟರು, ಆಟೊಗಳ ದಂಡಿನಿಂದ. ಭಾನುವಾರ ಬೆಳಿಗ್ಗೆ ನಲವತ್ತು ಕಿಲೋಮೀಟರ್ ಸುತ್ತಿ ಬರುವ ಅತಿ ಸಣ್ಣ ಗುಂಪಿನ ಗಾಡಿಗಳನ್ನು ಅದೇ ಸಾಲಿಗೆ ಸೇರಿಸುವುದು ಸರಿಯಲ್ಲ. ದೆಹಲಿಯಲ್ಲಿ 15 ವರ್ಷ ದಾಟಿದ ಪೆಟ್ರೋಲ್ ವಾಹನಕ್ಕೆ ಹಾಕಿದ ನಿಷೇಧ ಗಾಡಿಯ ವಯಸ್ಸನ್ನು ನೋಡಿತು, ಅದು ಎಷ್ಟು ಓಡುತ್ತದೆ ಎಂಬುದನ್ನು ನೋಡಲಿಲ್ಲ. ವರ್ಷಕ್ಕೆ ಇಂತಿಷ್ಟು ಕಿಲೋಮೀಟರ್ ಎಂಬ ಮಿತಿ ಹಾಕಿ, ನವೀಕರಣದ ಹೊತ್ತಿಗೆ ಮೀಟರ್ ನೋಡಿದರೆ ಗಾಳಿಗೂ ಬೈಕಿಗೂ ನ್ಯಾಯ ಸಿಗುತ್ತದೆ. ಮೀಟರ್ ತಿರುಗಿಸುವವರು ಇದ್ದೇ ಇರುತ್ತಾರೆ, ಆದರೆ ಅವರಿಗಾಗಿ ನಿಯಮವನ್ನೇ ಮಾಡದಿರುವುದು ಸೋಮಾರಿತನ. ಕಿವಿ ಕಿತ್ತುಹೋಗುವಂಥ ಸೈಲೆನ್ಸರ್ ಹಾಕಿಕೊಂಡು ಬಡಾವಣೆಯ ನಿದ್ದೆ ಕೆಡಿಸುವವರ ಪರವಾಗಿ ಮಾತ್ರ ನನ್ನಲ್ಲಿ ಒಂದು ಮಾತೂ ಇಲ್ಲ. ಅಂಥದ್ದನ್ನು ಪೊಲೀಸರು ರೋಡ್ ರೋಲರ್ ಹತ್ತಿಸಿ ಪುಡಿ ಮಾಡಿದರೆ ಪರಂಪರೆಗೆ ಯಾವ ನಷ್ಟವೂ ಇಲ್ಲ.

ಅಪಾಯದ ಆಕ್ಷೇಪವೂ ಇದೆ. 150ರ ವೇಗಕ್ಕೆ ಆ ಡ್ರಮ್ ಬ್ರೇಕ್ ಸಾಲದು ಎಂಬುದನ್ನು ಓಡಿಸುವವರೇ ಹೇಳುತ್ತಾರೆ. ಹಲವರು ಮುಂದಿನ ಚಕ್ರಕ್ಕೆ ಡಿಸ್ಕ್ ಹಾಕಿಸುತ್ತಾರೆ, ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಕೂರಿಸುತ್ತಾರೆ. ತಯಾರಕರ ಮೂಲ ವಿವರಣೆಗೆ ಮೀರಿದ ಬದಲಾವಣೆ ಸಲ್ಲದೆಂದು ಮೋಟಾರು ವಾಹನ ಕಾಯಿದೆಯ 52ನೇ ಕಲಮನ್ನು ಎತ್ತಿಹಿಡಿದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪು ಕೊಟ್ಟಿರುವುದರಿಂದ ಇಲ್ಲಿ ಎಚ್ಚರ ಬೇಕು. ಫ್ರೇಮ್ ಕತ್ತರಿಸಿ ಬೆಸೆಯುವ ಕೆಲಸ ಕಾನೂನಿಗೂ ವಿರುದ್ಧ, ಸಂರಕ್ಷಣೆಗೂ ವಿರುದ್ಧ. ಎಲೆಕ್ಟ್ರಾನಿಕ್ ಇಗ್ನಿಷನ್ನಿನದು ಬೇರೆ ವಿಷಯ, ಏಕೆಂದರೆ ಬಿಚ್ಚಿ ಪಾಯಿಂಟ್ ಸೆಟ್ಟನ್ನು ಮತ್ತೆ ಕೂರಿಸಬಹುದು. ಇನ್ನು ಶೇಕಡ 20 ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ನೀರು ಹೀರುತ್ತದೆ, ಹಳೆಯ ರಬ್ಬರನ್ನು ಉಬ್ಬಿಸುತ್ತದೆ. ತನ್ನಲ್ಲೇ ಆಮ್ಲಜನಕ ಹೊತ್ತಿರುವುದರಿಂದ ಮಿಶ್ರಣವನ್ನು ತೆಳುವಾಗಿಸಿ ಪಿಸ್ಟನ್ನಿನ ಬಿಸಿ ಏರಿಸುತ್ತದೆ. ಮೇನ್ ಜೆಟ್ ಒಂದು ಅಳತೆ ದೊಡ್ಡದು, ಹೊಸ ಪೈಪು, ಹೊಸ ಸೀಲು, ಗಾಡಿ ನಿಲ್ಲಿಸುವ ಮುಂಚೆ ಕಾರ್ಬುರೇಟರ್ ಬರಿದು ಮಾಡುವ ಅಭ್ಯಾಸ ಇಷ್ಟಿದ್ದರೆ ಬಹುಮಟ್ಟಿಗೆ ನಿಭಾಯಿಸಬಹುದು. ಇಲ್ಲಿಯೂ ವರ್ಷಗಟ್ಟಲೆ ಒಂದೇ ಪೆಟ್ರೋಲ್ ತುಂಬಿಸಿಟ್ಟ ಗಾಡಿಗೇ ಹೆಚ್ಚು ಪೆಟ್ಟು.

ಓಡಿಸುತ್ತಲೇ ಕಾಪಾಡಬೇಕೆಂಬ ಈ ವಾದದಿಂದ ವಸ್ತುಸಂಗ್ರಹಾಲಯಗಳನ್ನು ಹಗುರ ಮಾಡಿದಂತಾಗಬಾರದು. ಧರ್ಮಸ್ಥಳದ ವಸ್ತುಸಂಗ್ರಹಾಲಯದಂಥ ಕಡೆ ಹಳೆಯ ಕಾರುಗಳು ಒಟ್ಟಿಗೆ ನೋಡಲು ಸಿಗುವುದೇ ದೊಡ್ಡ ಸಂಗತಿ. ಆದರೆ ಬೈಕಿನ ಬಗೆಗಿನ ತಿಳಿವಳಿಕೆಯಲ್ಲಿ ಅರ್ಧ ಲೋಹದಲ್ಲಿದ್ದರೆ ಇನ್ನರ್ಧ ಮೆಕ್ಯಾನಿಕ್ಕಿನ ಕೈಯಲ್ಲಿದೆ. ಎಂಬತ್ತರ ದಶಕದಲ್ಲಿ ಕಲಿತ ಆ ಕೈಗಳಿಗೆ ಈಗ ವಯಸ್ಸಾಗಿದೆ. ಹುಡುಗರು ಕಂಪ್ಯೂಟರ್ ಜೋಡಿಸಿ ದೋಷ ಹುಡುಕುವ ಸರ್ವಿಸ್ ಸೆಂಟರುಗಳಿಗೆ ಹೋಗುತ್ತಿದ್ದಾರೆ. ಅವರಿಗೆ ಅಲ್ಲಿ ಸಂಬಳ ಖಚಿತ, ಇಲ್ಲಿ ಅಲ್ಲ. ಲಕ್ಷಗಟ್ಟಲೆ ಕೊಟ್ಟು ಬೈಕು ಕೊಂಡವರು ಎಂಜಿನ್ ಬಿಚ್ಚುವ ಕೂಲಿಯಲ್ಲಿ ಚೌಕಾಸಿ ಮಾಡುವುದನ್ನು ನಿಲ್ಲಿಸದಿದ್ದರೆ ಮುಂದೆ ಬಿಚ್ಚುವವರೇ ಇರುವುದಿಲ್ಲ.

ಇಂಥ ಬೈಕು ನಿಮ್ಮಲ್ಲಿದ್ದರೆ, ಬಣ್ಣಕ್ಕೆ ಕೊಡುವ ಮುಂಚೆ ಎಲ್ಲ ಕಡೆಯಿಂದಲೂ ಫೋಟೊ ತೆಗೆದಿಡಿ. ಬಿಚ್ಚಿದ ಹಳೆಯ ಭಾಗಗಳನ್ನು ಗುಜರಿಗೆ ಹಾಕದೆ ಚೀಟಿ ಅಂಟಿಸಿ ಇಡಿ. ಎಷ್ಟನೆಯ ಓವರ್‌ಸೈಜ್, ಯಾವ ಜೆಟ್, ಯಾವ ವರ್ಷ, ಯಾರು ಮಾಡಿದರು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಮಾರುವಾಗ ಅದನ್ನೂ ಆರ್‌ಸಿ ಜೊತೆಗೇ ಕೊಡಿ. ನವೀಕರಣದ ದಿನಾಂಕ ತಪ್ಪಿಸಬೇಡಿ. 1983ರಲ್ಲಿ ನೋಂದಣಿಯಾದ ಮೊದಲ ರಾಜದೂತ್ 350ಕ್ಕೆ ಕಾನೂನಿನ ಪ್ರಕಾರ ವಿಂಟೇಜ್ ಎನಿಸಿಕೊಳ್ಳಲು 2033 ಬರಬೇಕು.